ಪಾರ್ಕಿನ್ಸನ್, ಡೋಪಮೈನ್ ಮತ್ತು ಚಟ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಂದೆಗೆ ಪಾರ್ಕಿನ್ಸನ್ ಇದೆ, ಅಂದರೆ ಕೈಕಾಲು ನಡುಗುವ, ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ. ಊರು ಸಕಲೇಶಪುರದ ಕಡೆ, ಈಗ ನಮ್ಮ ಜೊತೆ ಹಾಸನದಲ್ಲಿದ್ದಾರೆ. ನಾನು ಡಾಕ್ಟರ್ ಅಲ್ಲ. ಅವರನ್ನು ನೋಡಿಕೊಳ್ಳುತ್ತಾ, ಓದುತ್ತಾ, ಡಾಕ್ಟರುಗಳನ್ನು ಕೇಳುತ್ತಾ ತಿಳಿದುಕೊಂಡದ್ದು ಇಲ್ಲಿದೆ. ಮದುವೆ ಮನೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಫೋನಿನಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಈ ಕಾಯಿಲೆಯ ಮಾತ್ರೆಯಿಂದ ಜೂಜಿನಂಥ ಚಟ ಹಿಡಿಯುತ್ತದಾ ಅನ್ನುವ ಪ್ರಶ್ನೆಯನ್ನು ಮಾತ್ರ ಎಲ್ಲರೂ ಕೊನೆಯಲ್ಲಿ, ದನಿ ತಗ್ಗಿಸಿ ಕೇಳುತ್ತಾರೆ. ಇದನ್ನು ಬರೆಯಲು ಅದೇ ಮುಖ್ಯ ಕಾರಣ. ಮಾತ್ರೆಯ ಪ್ರಮಾಣವನ್ನು ಇದನ್ನು ಓದಿ ಬದಲಿಸಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ.

## ಶುರುವಿನ ಪ್ರಶ್ನೆಗಳು

ಡೋಪಮೈನ್ ಅಂದ್ರೆ ಖುಷಿ ಕೊಡೋ ರಾಸಾಯನಿಕ ಅಂತಾರೆ. ಅದಕ್ಕೂ ಕೈ ನಡುಕಕ್ಕೂ ಏನು ಸಂಬಂಧ?

ಡೋಪಮೈನಿಗೆ ಮಿದುಳಿನಲ್ಲಿ ಒಂದೇ ಕೆಲಸ ಅಲ್ಲ. ಮಿದುಳಿನ ಬುಡದಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಅಂತ ಒಂದು ಸಣ್ಣ ಕಪ್ಪು ಭಾಗ ಇದೆ. ಅಲ್ಲಿನ ಜೀವಕೋಶಗಳು ತಯಾರಿಸುವ ಡೋಪಮೈನ್ ನಮ್ಮ ಚಲನೆಗೆ ಬೇಕು: ನಡೆಯಲು, ಗುಂಡಿ ಹಾಕಿಕೊಳ್ಳಲು, ಮುಖದಲ್ಲಿ ನಗು ತರಲು. ಅದರ ಪಕ್ಕದ ಇನ್ನೊಂದು ದಾರಿಯಲ್ಲಿ ಹರಿಯುವ ಡೋಪಮೈನ್ ಆಸೆಗೆ, ಹುರುಪಿಗೆ, ಹೊಸದನ್ನು ಕಲಿಯುವುದಕ್ಕೆ ಬೇಕು. ಅದನ್ನು ಖುಷಿ ಅನ್ನುವುದಕ್ಕಿಂತ 'ಬೇಕು ಬೇಕು' ಅನ್ನಿಸುವ ಸೆಳೆತ ಅನ್ನುವುದು ಸರಿ. ಪಾರ್ಕಿನ್ಸನ್‌ನಲ್ಲಿ ಮೊದಲು ಸೊರಗುವುದು ಚಲನೆಯ ದಾರಿ. ಕೈಕಾಲು ನಿಧಾನವಾಗಿ, ನಡುಕ ಕಣ್ಣಿಗೆ ಕಾಣುವ ಹೊತ್ತಿಗೆ ಅಲ್ಲಿನ ಡೋಪಮೈನ್ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ. ಎರಡು ದಾರಿ ಇದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಚಟದ ವಿಷಯ ಬಂದಾಗ ಬೇಕಾಗುತ್ತದೆ.

ಕೈ ನಡುಗಿದ್ರೆಲ್ಲಾ ಪಾರ್ಕಿನ್ಸನ್ನೇನಾ?

ಇಲ್ಲ. ಪಾರ್ಕಿನ್ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ನೆ ತೊಡೆಯ ಮೇಲೆ ಇದ್ದಾಗ ಬರುತ್ತದೆ, ಒಂದು ಕಡೆಯಿಂದ ಶುರುವಾಗುತ್ತದೆ. ಲೋಟ ಎತ್ತುವಾಗ, ಸಹಿ ಹಾಕುವಾಗ ಮಾತ್ರ ಎರಡೂ ಕೈ ನಡುಗಿದರೆ ಬಹಳ ಸಲ ಅದು ಬೇರೆ ತೊಂದರೆ. ಇನ್ನು ಕೆಲವರಿಗೆ ನಡುಕವೇ ಇರುವುದಿಲ್ಲ. ನಿಧಾನ, ಬಿಗಿತ, ಸಣ್ಣದಾಗುತ್ತಾ ಹೋಗುವ ಅಕ್ಷರ, ನಡೆಯುವಾಗ ಬೀಸದ ಒಂದು ಕೈ, ಇಷ್ಟೇ ಇರುತ್ತದೆ. ವಾಸನೆ ಗೊತ್ತಾಗದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕನಸಿನ ಜೊತೆ ಕೈಕಾಲು ಬೀಸುವುದು ಇವೆಲ್ಲ ವರ್ಷಗಳ ಮೊದಲೇ ಬಂದಿರಬಹುದು.

ಇನ್ನೊಂದು ಮುಖ್ಯ ವಿಷಯ. ಮಾತ್ರೆಗಳಿಂದಲೂ ಪಾರ್ಕಿನ್ಸನ್ ಥರದ್ದೇ ಲಕ್ಷಣ ಬರುತ್ತದೆ. ಗ್ಯಾಸ್ಟ್ರಿಕ್‌ಗೆ ಅಂತ ಕೊಡುವ ಕೆಲವು ಮಾತ್ರೆಗಳಲ್ಲಿ ಸೇರಿರುವ ಲೆವೊಸಲ್ಪಿರೈಡ್, ತಲೆಸುತ್ತಿಗೆ ಕೊಡುವ ಸಿನಾರಿಜಿನ್, ತಲೆನೋವಿಗೆ ಕೊಡುವ ಫ್ಲುನಾರಿಜಿನ್ ಇವು ಡೋಪಮೈನನ್ನು ತಡೆಯುತ್ತವೆ. ವಯಸ್ಸಾದವರು ಇವನ್ನು ಮೆಡಿಕಲ್ ಶಾಪಿನಿಂದ ತಿಂಗಳುಗಟ್ಟಲೆ ಹಾಗೇ ತಂದು ನುಂಗುತ್ತಿರುತ್ತಾರೆ. ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಚೀಟಿಗಳನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ.

ರಕ್ತ ಪರೀಕ್ಷೆ ಮಾಡಿಸಿದ್ರೆ ಡೋಪಮೈನ್ ಎಷ್ಟಿದೆ ಅಂತ ಗೊತ್ತಾಗಲ್ವಾ?

ಗೊತ್ತಾಗಲ್ಲ. ರಕ್ತದ ಡೋಪಮೈನ್ ಬೇರೆ, ಮಿದುಳಿನದ್ದು ಬೇರೆ. ನರರೋಗ ತಜ್ಞರು ಕೈಕಾಲು ಆಡಿಸಿ, ನಡೆಸಿ ನೋಡಿಯೇ ಕಾಯಿಲೆ ಹೇಳುತ್ತಾರೆ. ಎಂಆರ್‌ಐ ಮಾಡಿಸುವುದು ಹೆಚ್ಚಾಗಿ ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು.

ತೋಟಕ್ಕೆ ಔಷಧಿ ಹೊಡೆದೂ ಹೊಡೆದೂ ಬಂತಾ ಇದು?

ನಮ್ಮ ಕಡೆ ಇದನ್ನು ಕೇಳದವರೇ ಇಲ್ಲ. ಕಾಫಿ, ಶುಂಠಿ, ಆಲೂಗಡ್ಡೆ ಬೆಳೆಯುವ ಊರು ಅಲ್ವಾ. ಕಳೆನಾಶಕ ಪ್ಯಾರಾಕ್ವಾಟ್ ಮತ್ತು ಕೀಟನಾಶಕ ರೋಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಜಾಸ್ತಿ ಕಂಡಿದೆ ಅಂತ ಅಮೆರಿಕದಲ್ಲಿ ರೈತರ ಮೇಲೆ ನಡೆದ ಅಧ್ಯಯನ 2011ರಲ್ಲಿ ಹೇಳಿತು. ಆದರೆ ಒಬ್ಬ ವ್ಯಕ್ತಿಯನ್ನು ತೋರಿಸಿ ಇವರಿಗೆ ಇದರಿಂದಲೇ ಬಂತು ಅಂತ ಹೇಳಲು ಯಾರಿಗೂ ಆಗುವುದಿಲ್ಲ. ವಯಸ್ಸು, ವಂಶವಾಹಿ, ಪರಿಸರ ಎಲ್ಲ ಸೇರಿ ಬರುವ ಕಾಯಿಲೆ ಇದು. ತೋಟದಲ್ಲಿ ಈಗಲೂ ಬರಿಗೈಯಲ್ಲಿ ಔಷಧಿ ಕಲಸುವವರು ಇದ್ದಾರೆ. ದಯವಿಟ್ಟು ಗ್ಲೌಸ್, ಮಾಸ್ಕ್ ಕೊಡಿಸಿ. ಕೆಲಸಕ್ಕೆ ಬರುವವರಿಗೂ ಕೊಡಿಸಿ.

ಕಾಫಿ ಕುಡಿಯೋರಿಗೆ ಬರಲ್ವಂತೆ ಹೌದಾ?

ಚಿಕ್ಕಮಗಳೂರಿನವರು ಇದನ್ನು ಬಹಳ ಆಸೆಯಿಂದ ಕೇಳುತ್ತಾರೆ. ಕಾಫಿ ಕುಡಿಯುವವರಲ್ಲಿ ಪಾರ್ಕಿನ್ಸನ್ ಸ್ವಲ್ಪ ಕಮ್ಮಿ ಅನ್ನುವುದು ನಿಜ. ಹವಾಯಿಯಲ್ಲಿ ಸಾವಿರಾರು ಗಂಡಸರನ್ನು ದಶಕಗಳ ಕಾಲ ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಹಾಗಂತ ಬರುವುದೇ ಇಲ್ಲ ಅಂತಲ್ಲ, ನಮ್ಮ ತಂದೆ ಹುಟ್ಟಿದ್ದೇ ಕಾಫಿ ತೋಟದಲ್ಲಿ. ಕಾಯಿಲೆ ಬಂದ ಮೇಲೆ ಕೆಫೀನ್ ಮಾತ್ರೆ ಕೊಟ್ಟು ನೋಡಿದ ಪ್ರಯೋಗದಲ್ಲಿ (2017) ನಡುಕ, ಬಿಗಿತಕ್ಕೆ ಲಾಭ ಕಾಣಲಿಲ್ಲ. ಇಷ್ಟ ಇದ್ದರೆ ಕುಡಿಯಲಿ. ಸಿಗರೇಟು ಸೇದುವವರಲ್ಲೂ ಪಾರ್ಕಿನ್ಸನ್ ಕಮ್ಮಿ ಅಂತ ಕಂಡಿದೆ, ಆದರೆ ಅದು ಸಿಗರೇಟು ಹಿಡಿಯಲು ಕಾರಣ ಆಗಬಾರದು.

## ಮಾತ್ರೆಯ ಬಗ್ಗೆ

ಡೋಪಮೈನ್ ಕಮ್ಮಿ ಅಂದ್ಮೇಲೆ ಡೋಪಮೈನನ್ನೇ ಕೊಡಬಹುದಲ್ಲ?

ರಕ್ತದಿಂದ ಮಿದುಳಿಗೆ ಏನು ಹೋಗಬೇಕು, ಏನು ಹೋಗಬಾರದು ಅನ್ನುವುದಕ್ಕೆ ಒಂದು ತಡೆ ಇದೆ. ಡೋಪಮೈನ್ ಅದನ್ನು ದಾಟುವುದಿಲ್ಲ. ಲೆವೊಡೋಪಾ ಅನ್ನುವ ಔಷಧಿ ದಾಟುತ್ತದೆ, ದಾಟಿದ ಮೇಲೆ ಡೋಪಮೈನ್ ಆಗುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ, ಔಷಧಿ ಕೊಟ್ಟು ಅಲುಗಾಡದಂತೆ ಮಾಡಿದ್ದ ಪ್ರಾಣಿಗಳಿಗೆ ಇದನ್ನು ಕೊಟ್ಟಾಗ ಅವು ಮತ್ತೆ ಓಡಾಡಿದವು. ಅವರಿಗೆ 2000ದಲ್ಲಿ ನೊಬೆಲ್ ಬಂತು. ಪಾರ್ಕಿನ್ಸನ್‌ನಿಂದ ತೀರಿಕೊಂಡವರ ಮಿದುಳಿನಲ್ಲಿ ಡೋಪಮೈನ್ ತೀರಾ ಕಮ್ಮಿ ಇದೆ ಅಂತ ತೋರಿಸಿದ್ದು 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್. ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1817ರಲ್ಲಿ. ಅಂದರೆ ಸುಮಾರು 150 ವರ್ಷ ಜನ ಸರಿಯಾದ ಔಷಧಿ ಇಲ್ಲದೆ ನರಳಿದರು.

ಸಿಂಡೋಪಾದಂಥ ಮಾತ್ರೆಯಲ್ಲಿ ಲೆವೊಡೋಪಾ ಜೊತೆ ಕಾರ್ಬಿಡೋಪಾ ಇರುತ್ತದೆ. ಅದು ಲೆವೊಡೋಪಾ ಮಿದುಳು ಸೇರುವ ಮೊದಲೇ ಹೊಟ್ಟೆ, ರಕ್ತದಲ್ಲಿ ಖರ್ಚಾಗದಂತೆ ತಡೆಯುತ್ತದೆ, ವಾಂತಿ ಕಮ್ಮಿ ಮಾಡುತ್ತದೆ. ಇನ್ನೊಂದು ಗುಂಪಿನ ಮಾತ್ರೆಗಳಿವೆ: ಪ್ರಾಮಿಪೆಕ್ಸೋಲ್, ರೋಪಿನಿರೋಲ್. ಇವು ಡೋಪಮೈನ್ ಆಗಿ ಬದಲಾಗುವುದಿಲ್ಲ, ಡೋಪಮೈನ್ ಹೋಗಿ ಕೂರುವ ಜಾಗದಲ್ಲಿ ತಾವೇ ಕೂತು ಅದರ ಕೆಲಸ ಮಾಡುತ್ತವೆ. ಇವಕ್ಕೆ ಡೋಪಮೈನ್ ಅಗೊನಿಸ್ಟ್ ಅಂತಾರೆ. ಈ ಎರಡು ಹೆಸರನ್ನು ಬರೆದಿಟ್ಟುಕೊಳ್ಳಿ.

ಲೆವೊಡೋಪಾ ಶುರು ಮಾಡಿದ್ರೆ ಅದಕ್ಕೇ ಅಡಿಕ್ಟ್ ಆಗ್ತಾರಂತೆ, ಐದು ವರ್ಷಕ್ಕೆ ಕೆಲಸಾನೂ ಮಾಡಲ್ವಂತೆ. ಆದಷ್ಟು ತಡ ಮಾಡೋಣ್ವಾ?

ಈ ಮಾತಿನಿಂದ ಆಗಿರುವ ಹಾನಿ ಸಣ್ಣದಲ್ಲ. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್ ಬೇಕಾದ ಹಾಗೆ ಇವರಿಗೆ ಲೆವೊಡೋಪಾ ಬೇಕು, ಅದನ್ನು ಯಾರೂ ಚಟ ಅನ್ನುವುದಿಲ್ಲ. ವರ್ಷ ಕಳೆದಂತೆ ಮಾತ್ರೆಯ ಪ್ರಭಾವ ಬೇಗ ಇಳಿಯುವುದು, ಮೈ ತಾನಾಗಿ ತೊನೆದಾಡುವುದು ಬರುತ್ತದೆ, ನಿಜ. ಅದಕ್ಕೆ ಮುಖ್ಯ ಕಾರಣ ಕಾಯಿಲೆ ಮುಂದುವರಿಯುವುದು ಮತ್ತು ಒಟ್ಟು ಪ್ರಮಾಣ. ಮಾತ್ರೆಗೆ ಐದು ವರ್ಷದ ಆಯಸ್ಸು ಅಂತೇನೂ ಇಲ್ಲ. ಹೆದರಿ ತಡ ಮಾಡಿದರೆ ಓಡಾಡಬಹುದಾಗಿದ್ದ ಒಳ್ಳೆಯ ವರ್ಷಗಳು ಕುರ್ಚಿಯಲ್ಲಿ ಕಳೆದುಹೋಗುತ್ತವೆ.

ಮಾತ್ರೆ ಊಟಕ್ಕೆ ಮೊದಲಾ ಆಮೇಲಾ? ಮುದ್ದೆ ತಿನ್ನಬಹುದಾ?

ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ಒಳ್ಳೆಯದು. ಪ್ರೋಟೀನ್ ಮತ್ತು ಲೆವೊಡೋಪಾ ಕರುಳಿನಲ್ಲಿ ಒಂದೇ ಬಾಗಿಲಿಗೆ ನೂಕಾಡುತ್ತವೆ. ಹುರುಳಿಕಾಳು ಸಾರು, ಅವರೆಕಾಳು ಹುಳಿ, ಮೊಟ್ಟೆ, ಮಾಂಸ ತಿಂದ ತಕ್ಷಣ ಮಾತ್ರೆ ನುಂಗಿದರೆ ಕೆಲವರಿಗೆ ಅದು ಹತ್ತುವುದೇ ಇಲ್ಲ. ಪ್ರೋಟೀನ್ ಬಿಡಬೇಕಾಗಿಲ್ಲ, ಸಮಯ ಬೇರೆ ಮಾಡಿದರೆ ಸಾಕು. ವಾಕರಿಕೆ ಬಂದರೆ ಮಾತ್ರೆ ಜೊತೆ ಒಂದೆರಡು ಬಿಸ್ಕತ್ತು ಕೊಡಿ. ಕಬ್ಬಿಣದ ಮಾತ್ರೆ ಇದ್ದರೆ ಅದನ್ನೂ ದೂರ ಇಡಿ. ರಾಗಿ ಮುದ್ದೆಯಿಂದ ಮಾತ್ರೆಗೆ ತೊಂದರೆ ಇಲ್ಲ, ಆದರೆ ನುಂಗುವಾಗ ಕೆಮ್ಮು ಬರುತ್ತಿದ್ದರೆ ಅಗಿಯದೆ ನುಂಗುವ ಆಹಾರ ಅಪಾಯ. ಆಗ ಡಾಕ್ಟರಿಗೆ ಹೇಳಿ, ನುಂಗುವ ತೊಂದರೆಗೆ ತರಬೇತಿ ಕೊಡುವವರು ಇದ್ದಾರೆ.

ನಸುಗುನ್ನಿ ಪುಡಿ ತಗೊಂಡ್ರೆ ಇಂಗ್ಲಿಷ್ ಮಾತ್ರೆ ಬೇಕಾಗಿಲ್ವಂತೆ?

ನಸುಗುನ್ನಿ ಬೀಜದಲ್ಲಿ ಇರುವುದು ಅದೇ ಲೆವೊಡೋಪಾ. ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದ್ದು ಭಾರತದ ವಿಜ್ಞಾನಿಗಳೇ, 1937ರಲ್ಲಿ. ಚಿಕ್ಕ ಪ್ರಯೋಗಗಳಲ್ಲಿ ಅದು ಕೆಲಸ ಮಾಡಿದೆ ಕೂಡ. ತೊಂದರೆ ಏನೆಂದರೆ ಒಂದು ಡಬ್ಬಿಯ ಪುಡಿಯಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಗೊತ್ತಾಗುವುದಿಲ್ಲ. ಮಾತ್ರೆಯ ಜೊತೆಗೆ ಇದನ್ನೂ ಗುಟ್ಟಾಗಿ ತಗೊಂಡರೆ ಪ್ರಮಾಣ ಮೀರುತ್ತದೆ, ತೊನೆದಾಟ, ಭ್ರಮೆ ಬರಬಹುದು. ತಗೊಳ್ಳುತ್ತಿದ್ದರೆ ನರರೋಗ ತಜ್ಞರಿಗೆ ಮುಚ್ಚಿಡಬೇಡಿ.

## ಚಟದ ಬಗ್ಗೆ

ನಮ್ಮಪ್ಪ ಜೀವಮಾನದಲ್ಲಿ ಇಸ್ಪೀಟ್ ಮುಟ್ಟಿದವರಲ್ಲ. ಈಗ ರಾತ್ರಿಯೆಲ್ಲ ದುಡ್ಡು ಕಟ್ಟಿ ಆಡ್ತಾರೆ. ಇದಕ್ಕೂ ಮಾತ್ರೆಗೂ ಸಂಬಂಧ ಇದೆಯಾ?

ಇರುವ ಸಾಧ್ಯತೆ ಬಹಳ ಇದೆ. ಮೊದಲು ಚೀಟಿ ತೆಗೆದು ನೋಡಿ, ಅದರಲ್ಲಿ ಪ್ರಾಮಿಪೆಕ್ಸೋಲ್ ಅಥವಾ ರೋಪಿನಿರೋಲ್ ಇದೆಯಾ ಅಂತ. ಅಮೆರಿಕ ಮತ್ತು ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳನ್ನು ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 13.6% ಜನರಿಗೆ ಇಂಥ ಹಿಡಿತ ತಪ್ಪಿದ ನಡವಳಿಕೆ ಇತ್ತು: ಜೂಜು, ಸುಮ್ಮಸುಮ್ಮನೆ ಸಾಮಾನು ಕೊಳ್ಳುವುದು, ವಿಪರೀತ ತಿನ್ನುವುದು, ಲೈಂಗಿಕ ಆಸೆ ಮಿತಿ ಮೀರುವುದು. ಅಗೊನಿಸ್ಟ್ ಮಾತ್ರೆ ತಗೊಳ್ಳುವವರಲ್ಲಿ 17.1%, ತಗೊಳ್ಳದವರಲ್ಲಿ 6.9%. ಫ್ರಾನ್ಸಿನಲ್ಲಿ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಗಾಬರಿ ಹುಟ್ಟಿಸುತ್ತದೆ. ಅಗೊನಿಸ್ಟ್ ತಗೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಐದು ವರ್ಷದೊಳಗೆ ಇಂಥದ್ದೊಂದು ಕಾಣಿಸಿಕೊಂಡಿತ್ತು, ಯಾವತ್ತೂ ತಗೊಳ್ಳದವರಲ್ಲಿ ಸುಮಾರು 12%.

ನಮ್ಮ ಮನೆಯಲ್ಲಿ ಆದದ್ದು ಸಾಮಾನು ಕೊಳ್ಳುವುದು. ಪೈಸೆ ಪೈಸೆ ಲೆಕ್ಕ ಬರೆಯುತ್ತಿದ್ದ ಮನುಷ್ಯ, ಸಂತೆಗೆ ಹೋದರೆ ಕತ್ತಿ, ಹಗ್ಗ, ಸ್ಪ್ರೇಯರ್, ಮತ್ತೆ ಅದೇ ಕತ್ತಿ ತರುತ್ತಿದ್ದರು. ವಯಸ್ಸಾಯ್ತು, ಬುದ್ಧಿ ಕೆಟ್ಟಿತು ಅಂತ ನೆಂಟರು ಅಂದರು. ಈ ಮಾತ್ರೆ ಬರೆಯುವಾಗ ಹೀಗೂ ಆಗಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ, ಆಮೇಲೆ ಹೋದಾಗಲೂ ಯಾರೂ ಕೇಳಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ಅವರು ಕೇಳದಿದ್ದರೆ ನೀವೇ ಬಾಯಿ ಬಿಟ್ಟು ಹೇಳಿ. ಇದು ನಿಮ್ಮ ಅಪ್ಪನ ಗುಣ ಅಲ್ಲ, ಅವರ ನಡತೆ ಕೆಟ್ಟಿದ್ದಲ್ಲ. ಔಷಧಿಯ ಅಡ್ಡಪರಿಣಾಮ.

ಮಾತ್ರೆ ಹೇಗೆ ಮನುಷ್ಯನ್ನ ಜೂಜಿಗೆ ಇಳಿಸುತ್ತೆ? ನಂಬೋಕೇ ಆಗ್ತಿಲ್ಲ.

ಮೇಲೆ ಹೇಳಿದ ಎರಡು ದಾರಿ ನೆನಪಿಸಿಕೊಳ್ಳಿ. ಚಲನೆಯ ದಾರಿಯಲ್ಲಿ ಡೋಪಮೈನ್ ಬತ್ತಿದೆ. ಆಸೆಯ ದಾರಿಯಲ್ಲಿ ಅಷ್ಟು ಬತ್ತಿಲ್ಲ. ಕೈಕಾಲಿಗೆ ಸರಿಹೋಗುವಷ್ಟು ಔಷಧಿ ಕೊಟ್ಟರೆ ಆಸೆಯ ದಾರಿಗೆ ಅದು ಜಾಸ್ತಿಯಾಗುತ್ತದೆ. ಅದರಲ್ಲೂ ಅಗೊನಿಸ್ಟುಗಳು ಡಿ3 ಅನ್ನುವ ಗ್ರಾಹಕಕ್ಕೆ (ಡೋಪಮೈನ್ ಹೋಗಿ ಕೂರುವ ಜಾಗಕ್ಕೆ) ಗಟ್ಟಿಯಾಗಿ ಅಂಟುತ್ತವೆ, ಆ ಗ್ರಾಹಕ ಹೆಚ್ಚಾಗಿ ಇರುವುದು ಆಸೆಗೆ ಸಂಬಂಧಿಸಿದ ಭಾಗದಲ್ಲೇ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸಿತು. ಸಾಮಾನ್ಯವಾಗಿ ನಾವು ಸೋತಾಗ, ಬರಬೇಕಾದ್ದು ಬರದಿದ್ದಾಗ, ಡೋಪಮೈನ್ ಒಂದು ಕ್ಷಣ ಇಳಿಯುತ್ತದೆ. ವೋಲ್ಫ್‌ರಾಮ್ ಷುಲ್ಟ್ಸ್ ಅನ್ನುವ ವಿಜ್ಞಾನಿ ಕೋತಿಗಳ ಮಿದುಳಿನಲ್ಲಿ ಇದನ್ನು ದಾಖಲಿಸಿ ತೋರಿಸಿದರು. ಆ ಇಳಿತವೇ 'ಇದು ಬೇಡ, ಬಿಡು' ಅನ್ನುವ ಪಾಠ. ಮಾತ್ರೆ ಗ್ರಾಹಕದಲ್ಲಿ ಇಡೀ ದಿನ ಕೂತಿದ್ದರೆ ಆ ಇಳಿತ ಗೊತ್ತೇ ಆಗುವುದಿಲ್ಲ. 2004ರ ಒಂದು ಅಧ್ಯಯನದಲ್ಲಿ ಪಾರ್ಕಿನ್ಸನ್ ರೋಗಿಗಳು ಮಾತ್ರೆಯ ಪ್ರಭಾವದಲ್ಲಿದ್ದಾಗ ಗೆಲುವಿನಿಂದ ಚೆನ್ನಾಗಿ ಕಲಿತರು, ಮಾತ್ರೆ ಇಲ್ಲದಾಗ ಸೋಲಿನಿಂದ ಚೆನ್ನಾಗಿ ಕಲಿತರು. ಇಷ್ಟು ಸೋತ ಮೇಲೂ ಬುದ್ಧಿ ಬರಲಿಲ್ಲವಲ್ಲ ಅಂತ ಬೈಯುವ ಮೊದಲು ಇದನ್ನು ಯೋಚಿಸಿ. ಸೋಲು ಅವರಿಗೆ ಮುಟ್ಟುತ್ತಲೇ ಇಲ್ಲ.

ಎಲ್ಲರಿಗೂ ಯಾಕೆ ಆಗಲ್ಲ?

ಚಿಕ್ಕ ವಯಸ್ಸಿನಲ್ಲಿ ಕಾಯಿಲೆ ಬಂದವರು, ಮೊದಲೇ ಕುಡಿತ, ಜೂಜಿನ ಅಭ್ಯಾಸ ಇದ್ದವರು, ಮನೆತನದಲ್ಲಿ ಅಂಥ ಚರಿತ್ರೆ ಇರುವವರು, ಖಿನ್ನತೆ ಇರುವವರು ಹೆಚ್ಚು ಜಾಗ್ರತೆ ಇರಬೇಕು. ಇವು ಯಾವುದೂ ಇಲ್ಲದವರಿಗೂ ಆಗುತ್ತದೆ. ಮಾತ್ರೆ ಶುರು ಮಾಡಿದ ತಕ್ಷಣವೇ ಆಗಬೇಕು ಅಂತಿಲ್ಲ, ಎಷ್ಟೋ ತಿಂಗಳು, ವರ್ಷ ಕಳೆದು ಬರಬಹುದು. ಹಾಗಾಗಿ ಪ್ರತಿ ಸಲ ತೋರಿಸಲು ಹೋದಾಗಲೂ ಈ ವಿಷಯ ಮಾತಾಡಬೇಕು.

ಹೇಳೋಕೆ ನಾಚಿಕೆ. ನಮ್ಮ ಯಜಮಾನರು ಈ ವಯಸ್ಸಲ್ಲಿ ರಾತ್ರಿ ಬಿಡೋದೇ ಇಲ್ಲ.

ಇದನ್ನು ಹೆಂಗಸರು ಹೆಂಗಸರಿಗೆ ಮಾತ್ರ ಹೇಳುತ್ತಾರೆ. ಅಕ್ಕ, ಇದು ಕೂಡ ಅದೇ ಅಡ್ಡಪರಿಣಾಮ, ವೈದ್ಯರಿಗೆ ಗೊತ್ತಿರುವ ವಿಷಯ. ನೀವು ಒಪ್ಪಿಕೊಂಡು ಸಹಿಸಬೇಕಾಗಿಲ್ಲ, ಬೇಡ ಅನ್ನುವ ಹಕ್ಕು ನಿಮಗಿದೆ. ಎದುರಿಗೆ ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ 'ಮಾತ್ರೆ ಶುರುವಾದ ಮೇಲೆ ಲೈಂಗಿಕ ಆಸೆ ವಿಪರೀತ ಆಗಿದೆ' ಅಂತ ಬರೆದು ಡಾಕ್ಟರ ಕೈಗೆ ಕೊಡಿ. ಅಷ್ಟು ಸಾಕು.

ಹಂಗಾದ್ರೆ ಇವತ್ತಿಂದ್ಲೇ ಮಾತ್ರೆ ನಿಲ್ಲಿಸಿಬಿಡ್ಲಾ?

ಬೇಡ. ಖಂಡಿತ ಬೇಡ. ಪಾರ್ಕಿನ್ಸನ್ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಮೈ ಮರದ ಕೊರಡಾಗಿ, ವಿಪರೀತ ಜ್ವರ ಬಂದು, ಪ್ರಜ್ಞೆ ಮಸುಕಾಗಿ ಜೀವಕ್ಕೇ ಅಪಾಯ ಆಗಬಹುದು. ಅಗೊನಿಸ್ಟನ್ನು ಕಮ್ಮಿ ಮಾಡುವಾಗ ಕೆಲವರಿಗೆ ಗಾಬರಿ, ಬೆವರು, ಮಂಕು, ಮಾತ್ರೆ ಬೇಕೇ ಬೇಕು ಅನ್ನುವ ತಹತಹ ಬರುತ್ತದೆ. ಲೆವೊಡೋಪಾ ಹೆಚ್ಚಿಸಿದರೂ ಅದು ಹೋಗುವುದಿಲ್ಲ. ಚಟಕ್ಕೆ ಬಿದ್ದವರಿಗೇ ಇದು ಬರುವ ಸಾಧ್ಯತೆ ಜಾಸ್ತಿ. ಡಾಕ್ಟರು ಅಗೊನಿಸ್ಟನ್ನು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಂತ ಹಂತವಾಗಿ ಇಳಿಸುತ್ತಾರೆ, ಬೇಕಾದರೆ ಲೆವೊಡೋಪಾ ಹೊಂದಿಸುತ್ತಾರೆ. ಮಾತ್ರೆ ಇಳಿದಂತೆ ಬಹಳ ಜನರಲ್ಲಿ ಚಟವೂ ಇಳಿಯುತ್ತದೆ.

ಬೇರೆ ಕಾಯಿಲೆಗೆ ಆಸ್ಪತ್ರೆ ಸೇರಿದಾಗಲೂ ಇದೇ ಎಚ್ಚರ ಬೇಕು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿಸಿ. ವಾಂತಿಗೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಬೇಡ, ಇವರಿಗೆ ಪಾರ್ಕಿನ್ಸನ್ ಇದೆ ಅಂತ ಮೊದಲೇ ಹೇಳಿ.

ಅಮ್ಮ ಲೆವೊಡೋಪಾ ಮಾತ್ರೆನೇ ಬಚ್ಚಿಟ್ಕೊಂಡು ಜಾಸ್ತಿ ನುಂಗ್ತಾರೆ. ಇದೂ ಚಟಾನಾ?

ಇದು ಆಗುವುದು ಕಮ್ಮಿ, ಆದರೆ ಆಗುತ್ತದೆ. ಕೈಕಾಲು ಚೆನ್ನಾಗಿ ಆಡುತ್ತಿದ್ದರೂ, ಮೈ ತೊನೆದಾಡುತ್ತಿದ್ದರೂ ಇನ್ನೊಂದು ಬೇಕು ಅನ್ನುತ್ತಾರೆ. ಮಾತ್ರೆಯ ಪ್ರಭಾವ ಇಳಿದಾಗ ಮನಸ್ಸು ಕುಸಿಯುತ್ತದೆ, ಅದಕ್ಕೆ ಹೆದರುತ್ತಾರೆ. ಇದರ ಜೊತೆಗೆ ಕೆಲವರು ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡುತ್ತಾರೆ: ರೇಡಿಯೋ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು, ಪಾತ್ರೆ, ಕಾಗದ ವಿಂಗಡಿಸುವುದು. ಮಾತ್ರೆ ನಿಮ್ಮ ಕೈಯಲ್ಲಿಟ್ಟುಕೊಂಡು ಹೊತ್ತಿಗೆ ನೀವೇ ಕೊಡಿ. ಕಸಿದುಕೊಂಡು ಜಗಳ ಮಾಡಬೇಡಿ. ನಿಜವಾಗಿಯೂ ಮಾತ್ರೆ ಬೇಗ ಇಳಿಯುತ್ತಿರಬಹುದು, ಅದು ಬೇರೆ ಸಮಸ್ಯೆ. ಯಾವ ಹೊತ್ತಿಗೆ ಕೊಟ್ಟಿರಿ, ಯಾವಾಗ ಬಿಗಿತ ಬಂತು ಅಂತ ಒಂದು ವಾರ ಬರೆದಿಟ್ಟರೆ ಡಾಕ್ಟರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ದುಡ್ಡು ಹೋಗ್ತಾ ಇದೆ. ಡಾಕ್ಟರ್ ಸಿಗೋವರೆಗೆ ಏನು ಮಾಡೋದು?

ಯುಪಿಐಗೆ ದಿನದ ಮಿತಿ ಇಡಿಸಿ. ದೊಡ್ಡ ಮೊತ್ತವನ್ನು ಅವರ ಒಪ್ಪಿಗೆ ಪಡೆದು ಜಂಟಿ ಖಾತೆಗೆ ಹಾಕಿ. ಜಮೀನಿನ ಪತ್ರ, ಬಂಗಾರ ನಿಮ್ಮ ಸುಪರ್ದಿನಲ್ಲಿರಲಿ. ಊರಲ್ಲಿ ಕೈಸಾಲ ಕೊಡುವವರಿಗೆ ಒಂದು ಮಾತು ಹೇಳಿಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಆದರೆ ಅಂದರ್ ಬಾಹರ್ ಆಡಲು ಮೊಬೈಲೇ ಬೇಕು ಅಂತಿಲ್ಲವಲ್ಲ. ಇದನ್ನೆಲ್ಲ ಅವರ ಬೆನ್ನ ಹಿಂದೆ ಮಾಡಬೇಡಿ. ಮಾತ್ರೆಯಿಂದ ಹೀಗಾಗಿದೆ, ಸರಿ ಹೋಗುವವರೆಗೆ ಇಷ್ಟು ಕಾಪಾಡಿಕೊಳ್ಳೋಣ ಅಂತ ಎದುರಿಗೆ ಕೂತು ಹೇಳಿ. ನಾಚಿಕೆಯಿಂದ ಅವರು ಮೌನವಾಗಿದ್ದರೆ, ಜೀವ ಸಾಕು ಅನ್ನುವ ಮಾತು ಆಡಿದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕಾ?

ಪ್ರತಿ ಸಲ ಬೇಕಾಗಿಲ್ಲ. ಕಾಯಿಲೆ ಖಚಿತ ಮಾಡಿಕೊಳ್ಳಲು, ಇಂಥ ಕಷ್ಟದ ಬದಲಾವಣೆಗೆ ನಿಮ್ಹಾನ್ಸ್‌ಗೆ ಹೋಗಿಬಂದರೆ ಒಳ್ಳೆಯದು. ನಡುವೆ ಬಿಪಿ, ಮಲಬದ್ಧತೆ, ಫಿಸಿಯೋಥೆರಪಿಗೆ ಹಾಸನದ ಹಿಮ್ಸ್ ಅಥವಾ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಸಾಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಸೇರಿದೆ. ಕಾಯಿಲೆ ಜಾಸ್ತಿ ಇದ್ದರೆ ಅಂಗವಿಕಲರಿಗೆ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ.

## ಇನ್ನೂ ಆಳದ ಪ್ರಶ್ನೆಗಳು

ಡ್ರಗ್ಸ್ ತಗೊಂಡ ಹುಡುಗರಿಗೆ ಪಾರ್ಕಿನ್ಸನ್ ಬಂದಿತ್ತು ಅಂತ ಓದಿದೆ. ನಿಜಾನಾ?

ನಿಜ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕರು ಹೆರಾಯಿನ್ ಥರದ ಕಳ್ಳ ಔಷಧಿ ಚುಚ್ಚಿಕೊಂಡು ಕೆಲವೇ ದಿನಗಳಲ್ಲಿ ಅಲುಗಾಡಲಾರದೆ ಕಲ್ಲಾದರು. ಅದರಲ್ಲಿ ಎಂಪಿಟಿಪಿ ಅನ್ನುವ ವಿಷ ಬೆರೆತಿತ್ತು. ಅದು ಮಿದುಳಿನೊಳಗೆ ಬದಲಾಗಿ ನೇರವಾಗಿ ಸಬ್‌ಸ್ಟಾನ್ಶಿಯಾ ನೈಗ್ರಾದ ಜೀವಕೋಶಗಳನ್ನು ಕೊಂದಿತು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಇದನ್ನು ಪತ್ತೆ ಮಾಡಿದರು, ಲೆವೊಡೋಪಾ ಕೊಟ್ಟಾಗ ಆ ಯುವಕರು ಅಲುಗಾಡಿದರು. ಹೊರಗಿನ ಒಂದು ರಾಸಾಯನಿಕ ಈ ಕಾಯಿಲೆಯಂಥದ್ದನ್ನು ತರಬಲ್ಲದು ಅಂತ ಗೊತ್ತಾದದ್ದು ಹೀಗೆ. ಮಿದುಳಿನೊಳಗೆ ಬದಲಾದ ಆ ವಿಷದ ರಚನೆ ಪ್ಯಾರಾಕ್ವಾಟ್‌ಗೆ ಹತ್ತಿರ ಇದ್ದದ್ದರಿಂದಲೇ ಕಳೆನಾಶಕದ ಮೇಲೆ ವಿಜ್ಞಾನಿಗಳ ಕಣ್ಣು ಬಿತ್ತು.

ತಲೆಗೆ ಆಪರೇಷನ್ ಮಾಡಿಸಿದ್ರೆ ಚಟಾನೂ ಹೋಗುತ್ತಾ?

ಮಿದುಳಿಗೆ ಸಣ್ಣ ತಂತಿ ಇಳಿಸಿ ವಿದ್ಯುತ್ ಕೊಡುವ ಡಿಬಿಎಸ್ ಬಗ್ಗೆ ಕೇಳುತ್ತಿದ್ದೀರಿ. ಅದು ಚಟದ ಚಿಕಿತ್ಸೆ ಅಲ್ಲ. ಆದರೆ ಆಪರೇಷನ್ ಆದ ಮೇಲೆ ಮಾತ್ರೆ ಬಹಳ ಕಮ್ಮಿ ಮಾಡಬಹುದಾದರೆ ಚಟ ಇಳಿದವರಿದ್ದಾರೆ. ಆಪರೇಷನ್ ಆದ ಮೇಲೆ ಹೊಸದಾಗಿ ದುಡುಕು ಸ್ವಭಾವ ಬಂದವರೂ ಇದ್ದಾರೆ. ಲೆವೊಡೋಪಾಗೆ ಮೈ ಚೆನ್ನಾಗಿ ಸ್ಪಂದಿಸುವವರಿಗೆ ಮುಖ್ಯವಾಗಿ ಇದು ಫಲ ಕೊಡುತ್ತದೆ. ಮೊದಲು ಮನೋವೈದ್ಯರ ಹತ್ತಿರವೂ ತೋರಿಸುತ್ತಾರೆ, ಆಗ ಹಳೆಯ ಚಟದ ವಿಷಯ ಪೂರ್ತಿ ಹೇಳಿ.

ಅಗೊನಿಸ್ಟ್ ಇಳಿಸಿದ ಮೇಲೆ ಜೂಜೇನೋ ಬಿಟ್ಟರು. ಈಗ ಯಾವುದರಲ್ಲೂ ಆಸಕ್ತಿನೇ ಇಲ್ಲ. ಯಾವುದು ಉತ್ತಮ?

ಆಸೆಯ ದಾರಿಗೆ ಡೋಪಮೈನ್ ಜಾಸ್ತಿಯಾದರೆ ಚಟ, ಕಮ್ಮಿಯಾದರೆ ಈ ನಿರಾಸಕ್ತಿ. ಸೋಮಾರಿತನ ಅಂತ ತಿಳಿಯಬೇಡಿ, ಹಟ ಅಂತಲೂ ಅಲ್ಲ. ಖಿನ್ನತೆ ಇದ್ದರೆ ದುಃಖ, ಅಳು, ನಿದ್ದೆಗೆಡುವುದು ಇರುತ್ತದೆ. ನಿರಾಸಕ್ತಿಯಲ್ಲಿ ದುಃಖವೂ ಇರುವುದಿಲ್ಲ, ಸುಮ್ನೆ ಕೂತಿರುತ್ತಾರೆ. ಎರಡಕ್ಕೂ ಚಿಕಿತ್ಸೆ ಬೇರೆ, ಅದಕ್ಕೇ ಮನೋವೈದ್ಯರು ಒಮ್ಮೆ ನೋಡಬೇಕು. ಕೆಲವರಿಗೆ ಡಾಕ್ಟರು ಅಗೊನಿಸ್ಟನ್ನು ಬಹಳ ಕಮ್ಮಿ ಪ್ರಮಾಣದಲ್ಲಿ ಮತ್ತೆ ಕೊಟ್ಟು, ಮನೆಯವರಿಗೆ ಕಣ್ಣಿಡಲು ಹೇಳುತ್ತಾರೆ. ಮನೆಯಲ್ಲಿ ನಾವು ಮಾಡಿದ್ದು ಇಷ್ಟು: ಏನು ಮಾಡ್ತೀರಪ್ಪಾ ಅಂತ ಕೇಳುವುದನ್ನು ಬಿಟ್ಟು, ಬನ್ನಿ ಮೆಣಸು ಬಿಡಿಸೋಣ ಅಂತ ಜೊತೆಗೆ ಕೂರುವುದು. ತಾವಾಗಿ ಶುರು ಮಾಡಲು ಅವರಿಗೆ ಆಗುವುದಿಲ್ಲ, ಯಾರಾದರೂ ಶುರು ಮಾಡಿಕೊಟ್ಟರೆ ಮುಂದುವರಿಸುತ್ತಾರೆ. ಮಾತ್ರೆ ಚೆನ್ನಾಗಿ ಹತ್ತಿರುವ ಹೊತ್ತು, ನಮ್ಮ ತಂದೆಗೆ ಬೆಳಿಗ್ಗೆ ಹತ್ತರ ಸುಮಾರು, ಅದಕ್ಕೆ ಒಳ್ಳೆಯ ಸಮಯ.